ತಾರೆಯರ ದುಡಿಮೆ ಎಷ್ಟು, ಪ್ರಚಾರ ಎಷ್ಟು?

ಪ್ರಶ್ನೆ: ನನ್ನ ಮಗನಿಗೆ 15 ವರ್ಷ. ಮೈಸೂರಿನಲ್ಲಿ ಶಾಲೆಯ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಆಡುತ್ತಾನೆ. ಬಿಡುವಾದಾಗಲೆಲ್ಲ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಆಟಗಾರರ ರೀಲ್ಸ್ ನೋಡುತ್ತಾನೆ. ಕೋಬಿ ಬ್ರಯಾಂಟ್ ಬೆಳಗಿನ ಜಾವ 4 ಗಂಟೆಗೇ ಅಭ್ಯಾಸ ಶುರು ಮಾಡುತ್ತಿದ್ದನಂತೆ, ದಿನಕ್ಕೆ 1000 ಶಾಟ್ ಹೊಡೆಯಬೇಕಂತೆ ಎಂದು ಹೇಳಿ ತಾನೂ ಅಲಾರಂ ಇಟ್ಟುಕೊಂಡಿದ್ದಾನೆ. ಅವರಪ್ಪ ಮಾತ್ರ, ಇದೆಲ್ಲ ಟಿವಿಯವರು ಮತ್ತು ಶೂ ಕಂಪನಿಯವರು ಕಟ್ಟಿದ ಕಥೆ, ಹೆಸರು ಬಂದದ್ದು ಪ್ರಚಾರದಿಂದ ಎನ್ನುತ್ತಾರೆ. ಯಾರ ಮಾತು ಸರಿ? ಮಗ ಆ ಆಟಗಾರರಿಂದ ಏನು ಕಲಿಯಬಹುದು?

ಉತ್ತರ: ನಿಮ್ಮ ಮನೆಯ ಇಬ್ಬರ ಮಾತಿನಲ್ಲೂ ನಿಜವಿದೆ. ಆ ಆಟಗಾರರು ದುಡಿಯುತ್ತಾರೆ, ಅದು ಕಥೆಯಲ್ಲ. ಆದರೆ ಕ್ಯಾಮೆರಾಗೆ ಸಿಗುವ ದುಡಿಮೆ ಬೇರೆ, ಅವರ ಆಟವನ್ನು ಬದಲಾಯಿಸಿದ ದುಡಿಮೆ ಬೇರೆ. ಎಷ್ಟು ಗಂಟೆಗೆ ಎದ್ದರು, ಎಷ್ಟು ಶಾಟ್ ಹೊಡೆದರು, ಎಷ್ಟು ಬೆವರು ಸುರಿಯಿತು ಎಂಬುದು 30 ಸೆಕೆಂಡಿನ ವಿಡಿಯೊದಲ್ಲಿ ಚೆನ್ನಾಗಿ ಕಾಣುತ್ತದೆ. ಯಾವ ಹುಳುಕು ಇತ್ತು, ಅದು ಹೇಗೆ ಪತ್ತೆಯಾಯಿತು, ಸರಿಪಡಿಸಲು ಎಷ್ಟು ತಿಂಗಳು ಹಿಡಿಯಿತು ಎಂಬುದು ಆ ವಿಡಿಯೊದಲ್ಲಿ ಇರುವುದಿಲ್ಲ. ದೊಡ್ಡ ಆಟಗಾರರಲ್ಲಿ ಕಲಿಯಲು ಯೋಗ್ಯವಾದದ್ದು ಈ ಎರಡನೆಯದೇ.

ಮೊದಲು 4 ಗಂಟೆಯ ವಿಷಯ. ಕೋಬಿ ಅದನ್ನು ತಾವೇ ಬಿಡಿಸಿ ಹೇಳಿದ್ದರು, ರೀಲ್‌ಗಳಲ್ಲಿ ಉಳಿದಿರುವುದು ಅರ್ಧ ಮಾತ್ರ. ತಡವಾಗಿ ಎದ್ದು ಶುರು ಮಾಡುವವನಿಗೆ ದಿನಕ್ಕೆ ಎರಡು ಸುತ್ತು ಅಭ್ಯಾಸ ಸಿಗುತ್ತದೆ. 4ಕ್ಕೆ ಶುರು ಮಾಡಿದರೆ ನಡುವೆ ಉಂಡು, ಸುಧಾರಿಸಿಕೊಂಡು, ಎರಡೆರಡು ಗಂಟೆಯ ಇನ್ನೂ ಒಂದೆರಡು ಸುತ್ತು ಹಿಡಿಸುತ್ತದೆ. ವರ್ಷಗಟ್ಟಲೆ ಹೀಗೆ ಮಾಡಿದರೆ ಉಳಿದವರು ಹಿಂದೆ ಬೀಳುತ್ತಾರೆ ಎಂಬುದು ಅವರ ಲೆಕ್ಕ. ಅಂದರೆ ಸುತ್ತುಗಳ ನಡುವಿನ ವಿಶ್ರಾಂತಿ ಆ ಲೆಕ್ಕದ ಒಳಗೇ ಇದೆ. ಆಟವೇ ಉದ್ಯೋಗವಾದವನಿಗೆ, ಅಡುಗೆಗೂ ಮಾಲೀಷಿಗೂ ಜನ ಇರುವವನಿಗೆ ಇದು ಹೊಂದುತ್ತದೆ. ನಿಮ್ಮ ಮಗ ಟ್ಯೂಷನ್ ಮುಗಿಸಿ, ಹೋಂವರ್ಕ್ ಬರೆದು, 11ಕ್ಕೆ ಮಲಗಿ 4ಕ್ಕೆ ಎದ್ದರೆ ಸಿಕ್ಕುವುದು 5 ಗಂಟೆ ನಿದ್ದೆ. 13ರಿಂದ 18ರ ವಯಸ್ಸಿಗೆ ಬೇಕಾದದ್ದು 8ರಿಂದ 10 ಗಂಟೆ. ಹಗಲು ಕಲಿತ ಚಲನೆ ಮೈಗೆ ಇಳಿಯುವುದೂ, ಬೆಳೆಯುವ ಮೂಳೆ ಮತ್ತು ಸ್ನಾಯು ದುರಸ್ತಿಯಾಗುವುದೂ ಆ ನಿದ್ದೆಯಲ್ಲೇ. ಆದ್ದರಿಂದ ಅಲಾರಂ ಇವತ್ತೇ ತೆಗೆಸಿ. ಬೆಳಿಗ್ಗೆಯೇ ಆಡುವ ಆಸೆಯಿದ್ದರೆ ಮೊದಲು ಮಲಗುವ ಹೊತ್ತು 9ಕ್ಕೆ ಬರಲಿ.

ಕೋಬಿಯ ದುಡಿಮೆ ನಿಜಕ್ಕೂ ಎಂಥದ್ದು ಎಂದು ತಿಳಿಯಲು 1997ರ ಮೇ 12ರ ಪಂದ್ಯ ನೋಡಬೇಕು. 18 ವರ್ಷದ ಹುಡುಗ, ಲೇಕರ್ಸ್ ತಂಡದಲ್ಲಿ ಮೊದಲ ವರ್ಷ. ಸಾಲ್ಟ್ ಲೇಕ್ ಸಿಟಿಯಲ್ಲಿ ಯೂಟಾ ಜಾಜ್ ವಿರುದ್ಧ ಪ್ಲೇಆಫ್, ಅಂದರೆ ಸೀಸನ್ ಕೊನೆಯ ನಾಕೌಟ್ ಹಂತ. ನಿಗದಿತ ಆಟದ ಕೊನೆಯಲ್ಲಿ ಒಂದು, ಓವರ್‌ಟೈಮ್‌ನ 5 ನಿಮಿಷದಲ್ಲಿ ಮೂರು, ಒಟ್ಟು 4 ಶಾಟ್ ಏರ್‌ಬಾಲ್ ಆದವು. ಚೆಂಡು ರಿಂಗಿಗೂ ತಾಗಲಿಲ್ಲ. ಲೇಕರ್ಸ್ ಸೋತು ಮನೆಗೆ ಹೋಯಿತು. ಅಮೆರಿಕದ ಟಿವಿಗಳಲ್ಲಿ ಆ ನಾಲ್ಕು ಶಾಟ್ ಮತ್ತೆ ಮತ್ತೆ ಓಡಿದವು. ಹುಡುಗನಿಗೆ ಎದೆಗಾರಿಕೆ ಇದೆಯೋ ಇಲ್ಲವೋ ಎಂಬ ಚರ್ಚೆ ನಡೆಯಿತು. ಕೋಬಿ ನೋಡಿದ್ದು ಬೇರೆ. ನಾಲ್ಕೂ ಶಾಟ್‌ನ ದಿಕ್ಕು ಸರಿಯಾಗಿತ್ತು, ಎಲ್ಲವೂ ಗಿಡ್ಡವಾಗಿ ಬಿದ್ದಿದ್ದವು. ಕೈ ಸರಿಯಿದ್ದು ಚೆಂಡು ಮುಟ್ಟದಿದ್ದರೆ ತಪ್ಪು ಕಾಲಿನಲ್ಲಿದೆ ಎಂದರ್ಥ. ಹೈಸ್ಕೂಲಿನಲ್ಲಿ ಸೀಸನ್ನಿಗೆ 35ರ ಆಸುಪಾಸು ಪಂದ್ಯ, ನಡುವೆ ಬೇಕಾದಷ್ಟು ಬಿಡುವು. ಎನ್‌ಬಿಎಯಲ್ಲಿ 82 ಪಂದ್ಯ, ಅದರ ಮೇಲೆ ಪ್ಲೇಆಫ್. ಮೇ ತಿಂಗಳಿಗೆ ಆ ಕಾಲುಗಳಲ್ಲಿ ಕಸುವೇ ಉಳಿದಿರಲಿಲ್ಲ. ಆ ಬೇಸಿಗೆಯಿಂದ ಅವರು ಕಟ್ಟಿಕೊಂಡದ್ದು 82 ಪಂದ್ಯ ತಡೆಯುವ ಕಾಲಿನ ಬಲವನ್ನು, ಭಾರ ಎತ್ತುವ ಕ್ರಮವನ್ನು. ಎದೆಗಾರಿಕೆ ಇಲ್ಲ ಎಂದುಕೊಂಡು ಇನ್ನಷ್ಟು ಶಾಟ್ ಹೊಡೆಯುತ್ತ ಕೂತಿದ್ದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಆಗುತ್ತಿತ್ತು.

ಸ್ಟೆಫ್ ಕರ್ರಿ ಇನ್ನೂ ಸ್ಪಷ್ಟ ಉದಾಹರಣೆ. ರೀಲ್‌ಗಳಲ್ಲಿ ಅವರ ವಾರ್ಮ್ಅಪ್ ಹೆಚ್ಚು ಓಡುತ್ತದೆ: ಎರಡು ಚೆಂಡಿನ ಡ್ರಿಬಲ್, ಆಟಗಾರರು ಬರುವ ಓಣಿಯಿಂದ ಎಸೆದ ಶಾಟ್. 2020ರ ಡಿಸೆಂಬರ್‌ನಲ್ಲಿ ಅಭ್ಯಾಸ ಮುಗಿದ ಮೇಲೆ ಸತತ 105 ತ್ರೀ ಪಾಯಿಂಟರ್ (ದೂರದ ಗೆರೆಯ ಆಚೆಯಿಂದ ಹೊಡೆದು 3 ಅಂಕ ತರುವ ಶಾಟ್) ಹಾಕಿದ ವಿಡಿಯೊವನ್ನು ನಿಮ್ಮ ಮಗ ಖಂಡಿತ ನೋಡಿರುತ್ತಾನೆ. ಆ ಶಾಟ್ ಹುಟ್ಟಿದ ಬೇಸಿಗೆಗೆ ವಿಡಿಯೊ ಇಲ್ಲ. ಕರ್ರಿ ಹೈಸ್ಕೂಲಿನಲ್ಲಿ ಸಣಕಲು ಹುಡುಗ. ಚೆಂಡು ದೂರ ಮುಟ್ಟಲೆಂದು ಸೊಂಟದ ಹತ್ತಿರದಿಂದ ಎತ್ತಿ ಎಸೆಯುತ್ತಿದ್ದರು. ಎತ್ತರದ ಹುಡುಗರ ಎದುರು ಆ ಶಾಟ್ ತಡೆಯುವುದು ಸುಲಭ. ತಂದೆ ಡೆಲ್ ಕರ್ರಿ ಸ್ವತಃ 16 ಸೀಸನ್ ಎನ್‌ಬಿಎಯಲ್ಲಿ ಆಡಿದ್ದ ಶೂಟರ್. ಒಂದು ಬೇಸಿಗೆ ಪೂರ್ತಿ ಮಗನನ್ನು ಕೂರಿಸಿಕೊಂಡು ಚೆಂಡು ಬಿಡುವ ಜಾಗವನ್ನು ಸೊಂಟದಿಂದ ತಲೆಯ ಮೇಲಕ್ಕೆ ತಂದರು. ಆ ಎತ್ತರದಿಂದ ಎಸೆಯುವ ಬಲ ಇಲ್ಲದ ಕಾರಣ ವಾರಗಟ್ಟಲೆ ಪೇಂಟ್‌ನ ಒಳಗೆ, ರಿಂಗಿನ ಹತ್ತಿರದಲ್ಲೇ ನಿಂತು ಹೊಡೆಯಬೇಕಾಯಿತು. ಮೊದಲಿದ್ದ ಶಾಟ್ ಹೋಯಿತು, ಹೊಸದು ಇನ್ನೂ ಬಂದಿಲ್ಲ. ಆ ಬೇಸಿಗೆ ತಮಗೆ ಬಹಳ ಕಷ್ಟದ್ದಾಗಿತ್ತು ಎಂದು ಕರ್ರಿ ಹೇಳಿಕೊಂಡಿದ್ದಾರೆ. ಶಾಟ್ ತಿದ್ದುವ ಪ್ರತಿಯೊಬ್ಬ ಹುಡುಗನೂ ಈ ಘಟ್ಟ ದಾಟಬೇಕು. ಹೆಚ್ಚಿನವರು ಎರಡನೇ ವಾರಕ್ಕೆ ಹೆದರಿ ಹಳೆಯ ಶಾಟ್‌ಗೆ ಮರಳುವುದು ಇಲ್ಲೇ.

ಕರ್ರಿಯ ಎರಡನೇ ರಿಪೇರಿ ಮೊಣಕಾಲಿನ ಕೆಳಗಿನದು. 2009ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವಾಗ, 7ನೆಯವರಾಗಿ ಗೋಲ್ಡನ್ ಸ್ಟೇಟ್ ವಾರಿಯರ್ಸ್‌ಗೆ ಬಂದರು. ಬಲಗಾಲಿನ ಹರಡು, ಅಂದರೆ ಪಾದದ ಕೀಲು, ಪದೇ ಪದೇ ಉಳುಕಿ, 2011ರಲ್ಲಿ ಒಂದು, 2012ರಲ್ಲಿ ಇನ್ನೊಂದು ಶಸ್ತ್ರಚಿಕಿತ್ಸೆಯಾಯಿತು. 2011-12ರ ಸೀಸನ್‌ನಲ್ಲಿ ಆಡಿದ್ದು 26 ಪಂದ್ಯ ಮಾತ್ರ. ಮುಂದೆ ತಂಡದ ಫಿಟ್‌ನೆಸ್ ತರಬೇತುದಾರರು ಹಿಡಿದ ದಾರಿ ಕುತೂಹಲದ್ದು. ದಿಕ್ಕು ಬದಲಿಸುವಾಗ ಕರ್ರಿ ಎಲ್ಲ ಭಾರವನ್ನೂ ಹರಡಿನ ಮೇಲೆಯೇ ಹಾಕುತ್ತಿದ್ದರು. ಆ ಕೆಲಸವನ್ನು ಸೊಂಟ ಮತ್ತು ಪೃಷ್ಠದ ದೊಡ್ಡ ಸ್ನಾಯುಗಳಿಗೆ ವರ್ಗಾಯಿಸಬೇಕು. ಒಂಟಿಕಾಲಿನ ಸಮತೋಲನ, ಯೋಗ, ಸೊಂಟದಿಂದ ಬಾಗಿ ಏಳುವ ವ್ಯಾಯಾಮ, ಆಮೇಲೆ ನೆಲದಿಂದ ಭಾರ ಎತ್ತುವ ಡೆಡ್‌ಲಿಫ್ಟ್. ಕೊನೆಗೆ ಅವರು 400 ಪೌಂಡ್, ಅಂದರೆ ಸುಮಾರು 180 ಕಿಲೊ ಎತ್ತುವಷ್ಟಾದರು. ಅದು ಅವರ ದೇಹತೂಕದ ಎರಡು ಪಟ್ಟಿಗೂ ಹೆಚ್ಚು. 2012-13ರಲ್ಲಿ 78 ಪಂದ್ಯ ಆಡಿ 272 ತ್ರೀ ಪಾಯಿಂಟರ್, ಆಗಿನ ಮಟ್ಟಿಗೆ ದಾಖಲೆ. 2015-16ರಲ್ಲಿ 402. ಜನ ನೋಡಿದ್ದು ಮಣಿಕಟ್ಟಿನ ಚಮತ್ಕಾರ, ಅದರ ಕೆಳಗೆ ಕೆಲಸ ಮಾಡುತ್ತಿದ್ದದ್ದು ಸೊಂಟ.

ಇನ್ನೂ ಎರಡು ಉದಾಹರಣೆ ಕೊಡುತ್ತೇನೆ, ಎರಡರ ಸ್ವಭಾವವೂ ಬೇರೆ. ಕವಾಯ್ ಲೆನರ್ಡ್ ಕಾಲೇಜಿನ ಎರಡು ವರ್ಷದಲ್ಲಿ ತ್ರೀ ಪಾಯಿಂಟರ್‌ಗಳಲ್ಲಿ ಹಾಕಿದ್ದು ನೂರಕ್ಕೆ 25. 2011ರಲ್ಲಿ ಸ್ಯಾನ್ ಆಂಟೋನಿಯೊ ಸ್ಪರ್ಸ್‌ಗೆ ಬಂದಾಗ ಅಲ್ಲಿನ ಶೂಟಿಂಗ್ ಕೋಚ್ ಚಿಪ್ ಎಂಗೆಲ್ಯಾಂಡ್ ಅವರ ಪೂರ್ತಿ ಶಾಟ್ ಬಿಚ್ಚಿ ಹೊಸದಾಗಿ ಕಟ್ಟಲು ಹೋಗಲಿಲ್ಲ. ಚೆಂಡು ಬಿಡುವ ಜಾಗವನ್ನಷ್ಟೇ ತಿದ್ದಿದರು. ಮೊದಲ ಸೀಸನ್‌ನಲ್ಲೇ ಅದು ನೂರಕ್ಕೆ 37 ದಾಟಿತು. ಲೆನರ್ಡ್ ಪತ್ರಕರ್ತರ ಮುಂದೆ ಬಾಯಿ ಬಿಡುವುದೇ ಅಪರೂಪ. ಆದರೂ 2014 ಮತ್ತು 2019ರಲ್ಲಿ, ಎರಡು ಬೇರೆ ತಂಡಗಳಿಗೆ ಆಡಿ ಫೈನಲ್ಸ್‌ನ ಶ್ರೇಷ್ಠ ಆಟಗಾರ ಎನಿಸಿಕೊಂಡರು.

ಲೆಬ್ರಾನ್ ಜೇಮ್ಸ್ ಇದಕ್ಕೆ ತದ್ವಿರುದ್ಧ. ಅವರಿಗೆ ಕೀರ್ತಿಯೇ ಮೊದಲು ಬಂತು. 2002ರ ಫೆಬ್ರವರಿಯಲ್ಲಿ, ಇನ್ನೂ ಹೈಸ್ಕೂಲಿನಲ್ಲಿದ್ದಾಗಲೇ, ಅಮೆರಿಕದ ದೊಡ್ಡ ಕ್ರೀಡಾ ವಾರಪತ್ರಿಕೆಯ ಮುಖಪುಟದಲ್ಲಿ ಬಂದರು. 2010ರ ಜುಲೈ 8ರಂದು ತಾನು ಯಾವ ತಂಡ ಸೇರುತ್ತೇನೆ ಎನ್ನುವುದನ್ನು ಟಿವಿ ಕಾರ್ಯಕ್ರಮ ಮಾಡಿ ಘೋಷಿಸಿದರು. ಮರುವರ್ಷ, ಅವರು ಸೇರಿದ ಮಯಾಮಿ ಹೀಟ್ ತಂಡ ಫೈನಲ್ಸ್‌ನಲ್ಲಿ ಡಲ್ಲಾಸ್‌ಗೆ ಸೋತಿತು. ಲೆಬ್ರಾನ್ ಸರಾಸರಿ 17.8 ಅಂಕ, ಒಂದು ಪಂದ್ಯದಲ್ಲಂತೂ ಬರೀ 8. ಡಲ್ಲಾಸ್ ಅವರನ್ನು ರಿಂಗಿನಿಂದ ದೂರ ನಿಲ್ಲಿಸಿ ಜಂಪ್ ಶಾಟ್ ಹೊಡೆಯುವಂತೆ ಮಾಡಿತ್ತು. 203 ಸೆಂಟಿಮೀಟರ್ ಎತ್ತರ, ಆ ಕಟ್ಟುಮಸ್ತಾದ ಮೈ ಇದ್ದೂ ರಿಂಗಿಗೆ ಬೆನ್ನು ಕೊಟ್ಟು ಆಡುವ ಪೋಸ್ಟ್ ಆಟ ಅವರಿಗೆ ಸರಿಯಾಗಿ ಬರುತ್ತಿರಲಿಲ್ಲ. ಆ ಬೇಸಿಗೆ ಹ್ಯೂಸ್ಟನ್‌ಗೆ ಹೋಗಿ, ಪೋಸ್ಟ್ ಆಟದ ಗುರು ಎನಿಸಿದ್ದ ಹಕೀಮ್ ಒಲಾಜುವಾನ್ ಹತ್ತಿರ ವಿದ್ಯಾರ್ಥಿಯಂತೆ ಕಲಿತರು, ಪಾಠಗಳ ವಿಡಿಯೊ ಮಾಡಿಸಿಕೊಂಡು ಆಮೇಲೆ ಒಬ್ಬರೇ ನೋಡಿದರು. ಮುಂದಿನ ಸೀಸನ್‌ನಲ್ಲಿ ಪಂದ್ಯಕ್ಕೆ ಅವರು ಎಸೆದ ತ್ರೀ ಪಾಯಿಂಟರ್ 3.5ರಿಂದ 2.4ಕ್ಕೆ ಇಳಿಯಿತು, ಒಟ್ಟು ಶಾಟ್‌ಗಳ ಯಶಸ್ಸು ನೂರಕ್ಕೆ 51ರಿಂದ 53ಕ್ಕೆ ಏರಿತು, 2012ರಲ್ಲಿ ತಂಡಕ್ಕೆ ಲೀಗ್ ಪ್ರಶಸ್ತಿ ಬಂತು. ಅಷ್ಟು ಹೆಸರಿರುವವರು ತನಗೆ ಇದು ಬರುವುದಿಲ್ಲ, ಕಲಿಸಿ ಎಂದು ಇನ್ನೊಬ್ಬರ ಮುಂದೆ ನಿಂತದ್ದು ನನಗೆ ಅವರ ಯಾವ ಡಂಕ್‌ಗಿಂತಲೂ ದೊಡ್ಡದಾಗಿ ಕಾಣುತ್ತದೆ.

ಈಗ ನಿಮ್ಮ ಯಜಮಾನರ ಮಾತಿಗೆ ಬರೋಣ. ಪ್ರಚಾರಕ್ಕೆ ಶಕ್ತಿಯಿದೆ, ಅದನ್ನು ಅಲ್ಲಗಳೆಯಬಾರದು. ಎನ್‌ಬಿಎಯಲ್ಲಿ ಅದು ಸಂಬಳವನ್ನೂ ಮುಟ್ಟುತ್ತದೆ. ಸೀಸನ್‌ನ ಶ್ರೇಷ್ಠ ಆಟಗಾರನನ್ನೂ, ವರ್ಷದ ಅತ್ಯುತ್ತಮ ತಂಡ ಎಂಬ ಗೌರವಪಟ್ಟಿಯನ್ನೂ ಆರಿಸುವುದು ಪತ್ರಕರ್ತರ ಮತ್ತು ಪ್ರಸಾರಕರ ಮತ. ಕೆಲವು ಒಪ್ಪಂದಗಳಲ್ಲಿ ಆ ಪಟ್ಟಿಯಲ್ಲಿ ಹೆಸರು ಇದ್ದರೆ ಮಾತ್ರ ಗರಿಷ್ಠ ಸಂಬಳಕ್ಕೆ ಅರ್ಹತೆ. 2021ರಲ್ಲಿ ಬಾಸ್ಟನ್‌ನ ಜೇಸನ್ ಟೇಟಮ್ ಆ ಪಟ್ಟಿಯಿಂದ ಸ್ವಲ್ಪದರಲ್ಲೇ ತಪ್ಪಿಹೋದರು. ಐದು ವರ್ಷದ ಒಪ್ಪಂದದಲ್ಲಿ ಅವರಿಗೆ ಆದ ಕೊರತೆ 3 ಕೋಟಿ ಡಾಲರಿಗೂ ಹೆಚ್ಚು. ಲೀಗಿನ ತಾರೆಯರೇ ಸೇರಿ ಆಡುವ ಆಲ್-ಸ್ಟಾರ್ ಪಂದ್ಯದ ಮೊದಲ ಐವರ ಆಯ್ಕೆಯಲ್ಲಿ 2017ರಿಂದ ಅಭಿಮಾನಿಗಳ ಮತಕ್ಕೆ ಅರ್ಧ ತೂಕ, ಉಳಿದರ್ಧದಲ್ಲಿ ಆಟಗಾರರು ಮತ್ತು ಮಾಧ್ಯಮದವರದು ಸಮಪಾಲು. ಪತ್ರಕರ್ತರ ಜೊತೆ ಮಾತಾಡುವುದು ಅಲ್ಲಿ ಆಟಗಾರನ ಕೆಲಸದ ಭಾಗ, ಒಪ್ಪದಿದ್ದರೆ ದಂಡ. 2020ರಲ್ಲಿ ಕೈರಿ ಅರ್ವಿಂಗ್ 25,000 ಡಾಲರ್ ದಂಡ ತೆತ್ತರು.

ಮಾಧ್ಯಮ ಒಬ್ಬ ಆಟಗಾರನ ಚಿತ್ರವನ್ನೇ ತಿರುಚಬಹುದು ಎಂಬುದಕ್ಕೆ ಅಲೆನ್ ಐವರ್ಸನ್ ಸಾಕ್ಷಿ. 2002ರ ಮೇ 7ರ ಪತ್ರಿಕಾಗೋಷ್ಠಿಯಲ್ಲಿ ಅವರು ಪ್ರಾಕ್ಟೀಸ್ ಎಂಬ ಪದವನ್ನು 20ಕ್ಕೂ ಹೆಚ್ಚು ಸಲ ಹೇಳಿದರು. ನಾವು ಪಂದ್ಯದ ಬಗ್ಗೆ ಅಲ್ಲ, ಬರೀ ಪ್ರಾಕ್ಟೀಸ್ ಬಗ್ಗೆ ಮಾತಾಡುತ್ತಿದ್ದೇವೆ ಎಂದು. ಆ ತುಣುಕು ಇವತ್ತಿಗೂ ಸೋಮಾರಿತನದ ಗುರುತಾಗಿ ಓಡಾಡುತ್ತದೆ. ಅವರು ಅಭ್ಯಾಸ ತಪ್ಪಿಸುತ್ತಿದ್ದುದು ನಿಜ, ಅದಕ್ಕೆ ಕೋಚ್ ಬೇಸರಪಟ್ಟಿದ್ದೂ ನಿಜ. ಆದರೆ ಅದೇ ಸೀಸನ್‌ನಲ್ಲಿ, 183 ಸೆಂಟಿಮೀಟರ್ ಎತ್ತರದ ಆ ಸಣ್ಣ ಮನುಷ್ಯ ಪಂದ್ಯದ 48 ನಿಮಿಷದಲ್ಲಿ ಸರಾಸರಿ 43.7 ನಿಮಿಷ ಕೋರ್ಟಿನ ಮೇಲಿದ್ದರು, ಲೀಗಿನಲ್ಲೇ ಅತಿ ಹೆಚ್ಚು. ಕೆಲವೇ ತಿಂಗಳ ಹಿಂದೆ ಅವರ ಜೀವದ ಗೆಳೆಯನೊಬ್ಬನ ಕೊಲೆಯಾಗಿತ್ತು. ಅದೇ ಗೋಷ್ಠಿಯಲ್ಲಿ ಅದನ್ನೂ ಹೇಳಿಕೊಂಡಿದ್ದರು. ತುಣುಕಿನಲ್ಲಿ ಅದು ಉಳಿಯಲಿಲ್ಲ.

ಪ್ರಚಾರವಿಲ್ಲದೆಯೂ ಮೇಲೆ ಬಂದವರು ಇದ್ದಾರೆ. ಟಿಮ್ ಡಂಕನ್ 19 ಸೀಸನ್ ಸ್ಯಾನ್ ಆಂಟೋನಿಯೊದಲ್ಲೇ ಇದ್ದು 5 ಲೀಗ್ ಪ್ರಶಸ್ತಿ ಗೆದ್ದರು. ಅವರ ಹೆಸರಾಂತ ಶಾಟ್ ಎಂದರೆ 45 ಡಿಗ್ರಿ ಕೋನದಿಂದ ಬೋರ್ಡಿನ ಚೌಕಕ್ಕೆ ಹೊಡೆದು ಒಳಗೆ ಬೀಳಿಸುವ ಬ್ಯಾಂಕ್ ಶಾಟ್. ರೀಲಿಗೆ ಅದರಲ್ಲಿ ಏನೂ ಸಿಗುವುದಿಲ್ಲ, ಆದರೆ 15 ವರ್ಷದ ಹುಡುಗ ಮೊದಲು ಕಲಿಯಬೇಕಾದ ಶಾಟ್ ಅದೇ ಎಂದು ನನ್ನ ಅಭಿಪ್ರಾಯ. ನಿಕೊಲಾ ಯೋಕಿಚ್ 2014ರಲ್ಲಿ 41ನೆಯವರಾಗಿ ಆಯ್ಕೆಯಾದ ಕ್ಷಣದಲ್ಲಿ ಅಮೆರಿಕದ ಟಿವಿಯಲ್ಲಿ ಜಾಹೀರಾತು ಓಡುತ್ತಿತ್ತು. 2021, 2022, 2024ರಲ್ಲಿ ಶ್ರೇಷ್ಠ ಆಟಗಾರ ಪ್ರಶಸ್ತಿ ಅವರದೇ. ಪಂದ್ಯ ಮುಗಿದ ಮೇಲೆ ತೂಕ ಎತ್ತುವ ಕೋಣೆಗೆ ಹೋಗುವುದು ಅವರ ರೂಢಿ, ಪತ್ರಕರ್ತರು ಕಾಯುತ್ತಾರೆ.

ಹೆಸರು ಕೈಗೆ ಮೀರಿ ಬೆಳೆದಾಗ ಏನಾಗುತ್ತದೆ ಎಂಬುದಕ್ಕೆ 2012ರ ಫೆಬ್ರವರಿಯ ಜೆರೆಮಿ ಲಿನ್ ಅವರನ್ನು ನೋಡಿ. ಹಾರ್ವರ್ಡ್‌ನಲ್ಲಿ ಓದಿದ, ಡ್ರಾಫ್ಟ್‌ನಲ್ಲಿ ಯಾರೂ ಆರಿಸದ, ಎರಡು ತಂಡಗಳು ಕೈಬಿಟ್ಟ ಆಟಗಾರ. ಫೆಬ್ರವರಿ 4ರಂದು ನ್ಯೂಯಾರ್ಕ್ ನಿಕ್ಸ್ ಪರ 25 ಅಂಕ, 10ರಂದು ಕೋಬಿಯ ಲೇಕರ್ಸ್ ಎದುರು 38. ತಂಡ ಸತತ 7 ಪಂದ್ಯ ಗೆದ್ದಿತು. ಎರಡು ವಾರದಲ್ಲಿ ಜಗತ್ತಿಗೆಲ್ಲ ಅವರ ಹೆಸರು ಗೊತ್ತಾಯಿತು. ಇದು ಅದೃಷ್ಟವಲ್ಲ; ಹಿಂದಿನ ವರ್ಷ ಲೀಗ್ ನಿಂತುಹೋಗಿದ್ದ ತಿಂಗಳುಗಳಲ್ಲಿ ಅವರು ಕಾಲಿನ ಬಲವನ್ನೂ ಶಾಟ್ ಅನ್ನೂ ಕಟ್ಟಿಕೊಂಡಿದ್ದರು. ಆದರೆ ಹೆಸರಾದವನ ಆಟವನ್ನು ಎದುರಾಳಿಗಳು ಕುಳಿತು ಅಧ್ಯಯನ ಮಾಡುತ್ತಾರೆ. ಫೆಬ್ರವರಿ 23ರಂದು ಮಯಾಮಿಯ ಆಟಗಾರರು ಅವರ ಡ್ರಿಬಲ್ ಮೇಲೆ ಇಬ್ಬಿಬ್ಬರಾಗಿ ಮುಗಿಬಿದ್ದರು. 11 ಶಾಟ್‌ನಲ್ಲಿ ಬಿದ್ದದ್ದು 1, ಚೆಂಡು ಕಳೆದುಕೊಂಡದ್ದು 8 ಸಲ. ನಿಮ್ಮ ಮಗನ ಮಟ್ಟದಲ್ಲೂ ಇದು ನಡೆಯುತ್ತದೆ. ಬಲಗೈಯಿಂದಲೇ ನುಗ್ಗುವ ಹುಡುಗ ಒಂದು ಟೂರ್ನಮೆಂಟಿನಲ್ಲಿ ಮಿಂಚಿದರೆ, ಮುಂದಿನದರಲ್ಲಿ ಎಲ್ಲರೂ ಅವನ ಬಲಗಡೆ ಬಂದು ನಿಲ್ಲುತ್ತಾರೆ.

ದುಡಿಮೆಯೊಂದೇ ಎಲ್ಲವೂ ಎಂದು ಮಾತ್ರ ಮಗನಿಗೆ ಹೇಳಬೇಡಿ. ಫೌಲ್ ಆದಾಗ ಗೆರೆಯಲ್ಲಿ ನಿಂತು ಯಾರ ತಡೆಯೂ ಇಲ್ಲದೆ ಹೊಡೆಯುವ ಫ್ರೀ ಥ್ರೋದಲ್ಲಿ ಶಕೀಲ್ ಓನೀಲ್ ಅವರ ಇಡೀ ವೃತ್ತಿಜೀವನದ ಸರಾಸರಿ ನೂರಕ್ಕೆ 53ನ್ನೂ ಮುಟ್ಟಲಿಲ್ಲ. ಎದುರಾಳಿಗಳು ಬೇಕೆಂದೇ ಫೌಲ್ ಮಾಡಿ ಅವರನ್ನು ಆ ಗೆರೆಗೆ ಕಳಿಸುತ್ತಿದ್ದರು. ಆದರೂ 4 ಲೀಗ್ ಪ್ರಶಸ್ತಿ ಗೆದ್ದರು, ಏಕೆಂದರೆ 216 ಸೆಂಟಿಮೀಟರ್ ಎತ್ತರದ ಆ ದೇಹವನ್ನು ತಡೆಯುವವರೇ ಇರಲಿಲ್ಲ. ಎತ್ತರ, ಮೈಕಟ್ಟು, ಸಿಕ್ಕ ಕೋಚ್, ಸಿಕ್ಕ ತಂಡ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಹುಡುಗನ ಕೈಯಲ್ಲಿರುವುದು ಒಂದೊಂದೇ ಹುಳುಕನ್ನು ಹುಡುಕಿ ಸರಿಮಾಡುವುದು. ಅದನ್ನು ಹೇಗೆ ಮಾಡುವುದೆಂದು ಈಗ ನೋಡೋಣ.

ಮೊದಲು 3 ಪಂದ್ಯಗಳ ಲೆಕ್ಕ ಬೇಕು. ಅಭ್ಯಾಸದ ಪಂದ್ಯವಾದರೂ ಸರಿ. ನೀವೋ, ಬೆಂಚಿನಲ್ಲಿರುವ ಗೆಳೆಯನೋ ಒಂದು ಹಾಳೆಯಲ್ಲಿ ಗೆರೆ ಹಾಕಿದರೆ ಸಾಕು: ಎಡಗೈ ಲೇಅಪ್ (ಓಡಿ ಬಂದು ರಿಂಗಿನ ಹತ್ತಿರದಿಂದ ಹಾಕುವ ಶಾಟ್) ಎಷ್ಟು, ಬಿದ್ದದ್ದೆಷ್ಟು, ಫ್ರೀ ಥ್ರೋ ಎಷ್ಟು, ಬಿದ್ದದ್ದೆಷ್ಟು, ಚೆಂಡು ಎಷ್ಟು ಸಲ ಕಳೆದ, ಯಾವ ಕೈಯಲ್ಲಿದ್ದಾಗ, ಡಿಫೆನ್ಸ್‌ಗೆ ಎಷ್ಟು ಸಲ ತಡವಾಗಿ ಓಡಿ ಬಂದ. ಮೂರು ಹಾಳೆ ಒಟ್ಟಿಗೆ ಇಟ್ಟರೆ ಒಂದು ಹುಳುಕು ಎದ್ದು ಕಾಣುತ್ತದೆ. ಅದೊಂದನ್ನೇ 8 ವಾರ ಹಿಡಿಯಬೇಕು. ಒಟ್ಟಿಗೆ ನಾಲ್ಕನ್ನು ಹಿಡಿದರೆ ಯಾವುದೂ ಬದಲಾಗುವುದಿಲ್ಲ.

1000 ಶಾಟ್ ಏಕೆ ಬೇಡ ಎನ್ನುವುದಕ್ಕೆ ಸುಲಭದ ಲೆಕ್ಕವಿದೆ. ಒಬ್ಬನೇ ಹೊಡೆದು, ಚೆಂಡು ತಂದು, ಮತ್ತೆ ನಿಲ್ಲಲು ಶಾಟ್‌ಗೆ 7 ಸೆಕೆಂಡ್ ಎಂದರೂ 1000ಕ್ಕೆ ಹತ್ತಿರಹತ್ತಿರ 2 ಗಂಟೆ. ಮುನ್ನೂರು ದಾಟುವಷ್ಟರಲ್ಲಿ ಆ ವಯಸ್ಸಿನ ಕಾಲು ಸೋಲುತ್ತದೆ. ಕಾಲು ಸೋತಾಗ ಹುಡುಗ ಮೊಣಕಾಲು ಬಾಗಿಸುವುದು ಬಿಟ್ಟು ಚೆಂಡನ್ನು ಭುಜದಿಂದ ನೂಕುತ್ತಾನೆ, ಮೊಣಕೈ ಹೊರಕ್ಕೆ ಹೋಗುತ್ತದೆ. ಉಳಿದ 700 ಶಾಟ್ ಆ ತಪ್ಪಿನ ಅಭ್ಯಾಸವಾಗುತ್ತವೆ, ಕೈ ಅದಕ್ಕೇ ಪಳಗುತ್ತದೆ.

ಅದರ ಬದಲು 60 ನಿಮಿಷದ ಒಂದು ಸುತ್ತು ಹೀಗಿರಲಿ. 10 ನಿಮಿಷ ಮೈ ಬಿಸಿ: ನಿಧಾನ ಓಟ, ಅಡ್ಡ ಹೆಜ್ಜೆ, ಒಂಟಿಕಾಲಿನಲ್ಲಿ ನಿಲ್ಲುವುದು ಕಾಲಿಗೆ 30 ಸೆಕೆಂಡಿನಂತೆ ಎರಡು ಸಲ. ಆಮೇಲೆ ರಿಂಗಿನಿಂದ ಒಂದೂವರೆ ಮೀಟರ್ ದೂರದಲ್ಲಿ ನಿಂತು ಒಂದೇ ಕೈಯಲ್ಲಿ 25 ಬಾಸ್ಕೆಟ್. ಬಿದ್ದದ್ದು ಮಾತ್ರ ಲೆಕ್ಕ. ಇಲ್ಲಿ ಚೆಂಡಿನ ಗೆರೆಗಳನ್ನು ನೋಡಬೇಕು. ಗೆರೆ ನೇರ ಹಿಂದಕ್ಕೆ ಸುತ್ತಿದರೆ ಸರಿ. ಎರಡು ಕೈ ಸೇರಿಸಿದಾಗ ಚೆಂಡು ಪಕ್ಕಕ್ಕೆ ಗಿರಕಿ ಹೊಡೆದರೆ ಆಸರೆಗೆ ಇಟ್ಟ ಎಡಗೈಯ ಹೆಬ್ಬೆರಳು ನೂಕುತ್ತಿದೆ ಎಂದು ಅರ್ಥ. ಕೆಲವು ದಿನ ಆ ಹೆಬ್ಬೆರಳನ್ನು ತೋರುಬೆರಳಿಗೆ ಸೇರಿಸಿ ಟೇಪ್ ಸುತ್ತಿ ಹೊಡೆದರೆ ಅಭ್ಯಾಸ ಬಿಡುತ್ತದೆ. ಮುಂದೆ 4 ಮೀಟರ್ ದೂರದ 5 ಜಾಗಗಳಿಂದ 15ರಂತೆ 75 ಶಾಟ್, ಓಡಿ ಬಂದು ಚೆಂಡು ಹಿಡಿದು ಪಂದ್ಯದ ವೇಗದಲ್ಲೇ. ನಡುವೆ ಹಿಡಿದ ಹುಳುಕಿನ ಕೆಲಸಕ್ಕೆ 15 ನಿಮಿಷ. ಎಡಗೈ ಲೇಅಪ್ ಆದರೆ 60 ಸೆಕೆಂಡಿನಲ್ಲಿ ಎಷ್ಟು ಬಿದ್ದವು ಎಂದು ಎಣಿಸಿ, 1 ನಿಮಿಷ ಬಿಡುವು, ಹೀಗೆ 5 ಸಲ. ಕೊನೆಗೆ ಫ್ರೀ ಥ್ರೋ 20, ಎರಡೆರಡಾಗಿ. ಪ್ರತಿ ಎರಡರ ನಂತರ ಕೋರ್ಟಿನ 28 ಮೀಟರ್ ಉದ್ದ ಓಡಿ ಬರಬೇಕು. ಪಂದ್ಯದಲ್ಲಿ ಯಾರೂ ಸುಧಾರಿಸಿಕೊಂಡು 20 ಫ್ರೀ ಥ್ರೋ ಸತತವಾಗಿ ಹೊಡೆಯುವುದಿಲ್ಲವಲ್ಲ.

ಫ್ರೀ ಥ್ರೋ ಬಗ್ಗೆ ಒಂದು ಎಚ್ಚರಿಕೆ. ಯಾನಿಸ್ ಅಂಟೆಟೊಕೂಂಪೊ 2021ರ ಫೈನಲ್ಸ್‌ನ ಕೊನೆಯ ಪಂದ್ಯದಲ್ಲಿ 19ರಲ್ಲಿ 17 ಫ್ರೀ ಥ್ರೋ ಹಾಕಿ 50 ಅಂಕ ಗಳಿಸಿದರು; ಆ ಪ್ಲೇಆಫ್ ಪೂರ್ತಿ ಎದುರಾಳಿ ಪ್ರೇಕ್ಷಕರು ಅವರ ನಿಧಾನವನ್ನು ಒಂದು, ಎರಡು ಎಂದು ಎಣಿಸುತ್ತಿದ್ದರು. ಅವರನ್ನು ನೋಡಿ ಹುಡುಗರು ಉದ್ದುದ್ದ ತಯಾರಿ ಕಲಿಯುತ್ತಾರೆ. ಎನ್‌ಬಿಎಯಲ್ಲಿ ಅದಕ್ಕೆ 10 ಸೆಕೆಂಡ್ ಇದೆ. ನಮ್ಮಲ್ಲಿ ನಡೆಯುವುದು ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ ಫೀಬಾದ ನಿಯಮ, 5 ಸೆಕೆಂಡಿನೊಳಗೆ ಚೆಂಡು ಕೈಬಿಡಬೇಕು. ಎರಡು ಡ್ರಿಬಲ್, ಒಂದು ಉಸಿರು, ಶಾಟ್, ಇಷ್ಟು ಸಾಕು. ತ್ರೀ ಪಾಯಿಂಟರ್ ಗೆರೆ ನಮ್ಮಲ್ಲಿ 6.75 ಮೀಟರ್. 4 ಮೀಟರಿನ ಶಾಟ್ ನೂರಕ್ಕೆ 60 ಬೀಳುವವರೆಗೆ ಅಲ್ಲಿಗೆ ಹೋಗುವುದು ಬೇಡ. ಹೋದರೆ ಚೆಂಡು ಮುಟ್ಟಿಸಲು ಸೊಂಟಕ್ಕೆ ಇಳಿಸುತ್ತಾನೆ; ಕರ್ರಿಗೆ ಒಂದು ಬೇಸಿಗೆ ಹಿಡಿದ ರಿಪೇರಿ ಇವನಿಗೂ ಬೇಕಾಗುತ್ತದೆ.

ಫೋನ್ ಕಿತ್ತುಕೊಳ್ಳಬೇಡಿ, ಅದಕ್ಕೆ ಬೇರೆ ಕೆಲಸ ಕೊಡಿ. ವಾರಕ್ಕೊಮ್ಮೆ, ಶಾಟ್ ಹೊಡೆಯುವ ಕೈಯ ಪಕ್ಕದಿಂದ, ಎದೆಯ ಎತ್ತರದಲ್ಲಿ ಫೋನ್ ಇಟ್ಟು ಸತತ 10 ಶಾಟ್ ಚಿತ್ರಿಸಲಿ. ತಪ್ಪಿದ್ದನ್ನು ಅಳಿಸುವಂತಿಲ್ಲ. ರೀಲ್ ಹಾಕುವವರು ಬಿದ್ದದ್ದನ್ನಷ್ಟೇ ಹಾಕುತ್ತಾರೆ, ತಪ್ಪಿದ ಶಾಟ್‌ನಲ್ಲಿರುವ ಪಾಠ ಅಲ್ಲಿಗೆ ಕಳೆದುಹೋಗುತ್ತದೆ. ಕೋಬಿಯಂತೆ ನೋಡಬೇಕು: ಎಡಬಲಕ್ಕೆ ಹೋಯಿತೇ, ಗಿಡ್ಡವಾಯಿತೇ, ಉದ್ದವಾಯಿತೇ. ಗಿಡ್ಡವಾದರೆ ಕಾಲು, ಎಡಬಲಕ್ಕೆ ಹೋದರೆ ಮೊಣಕೈ ಅಥವಾ ಆ ಹೆಬ್ಬೆರಳು. ರೀಲ್ಸ್ ಹಾಕುವ ಆಸೆಯಿದ್ದರೆ ಭಾನುವಾರ ಹಾಕಲಿ; ಅಭ್ಯಾಸದ ಆ 60 ನಿಮಿಷ ಫೋನ್ ಬ್ಯಾಗಿನಲ್ಲಿರಲಿ. ಕ್ಯಾಮೆರಾ ಇದೆ ಎಂದು ಗೊತ್ತಾದರೆ ಹುಡುಗರು ತಮಗೆ ಬರುವುದನ್ನೇ ಮಾಡುತ್ತಾರೆ, ಬಾರದ್ದಕ್ಕೆ ಕೈ ಹಾಕುವುದಿಲ್ಲ.

ಶಾಲೆಯ ತಂಡದ ಅಭ್ಯಾಸವೂ ಸೇರಿ ವಾರಕ್ಕೆ 4 ದಿನ ಸಾಕು, ಒಂದು ದಿನ ಪೂರ್ತಿ ಬಿಡುವು ಇರಲೇಬೇಕು. ನಮ್ಮ ಶಾಲೆಗಳ ಹೆಚ್ಚಿನ ಕೋರ್ಟುಗಳು ಕಾಂಕ್ರೀಟಿನವು, ಜಿಗಿದು ಇಳಿದ ಪೆಟ್ಟೆಲ್ಲ ಮೊಣಕಾಲಿಗೇ. ಬೇಗ ಎತ್ತರ ಬೆಳೆಯುತ್ತಿರುವ ಹುಡುಗರಿಗೆ ಮೊಣಚಿಪ್ಪಿನ ಕೆಳಗೆ ಮೂಳೆ ಉಬ್ಬಿ ಮುಟ್ಟಿದರೆ ನೋಯುವುದು ಸಾಮಾನ್ಯ. ಅದು ಕಂಡರೆ ಜಿಗಿಯುವ ಕೆಲಸ ನಿಲ್ಲಿಸಿ, ಮೂಳೆ ವೈದ್ಯರಿಗೆ ಒಮ್ಮೆ ತೋರಿಸಿ. ಆ ದಿನಗಳಲ್ಲಿ ನಿಂತಲ್ಲೇ ಎಡಗೈ ಡ್ರಿಬಲ್, ಕುರ್ಚಿಯಲ್ಲಿ ಕೂತು ಒಂದೂವರೆ ಮೀಟರಿನಿಂದ ಒಂಟಿಕೈ ಶಾಟ್ ಮಾಡಬಹುದು. ನೋವು ನುಂಗಿ ಆಡುವುದನ್ನು ಶೌರ್ಯ ಎಂದು ಮನೆಯಲ್ಲಿ ಯಾರೂ ಹೊಗಳದಿರಿ.

ಪ್ರತಿ ಸುತ್ತಿನ ಕೊನೆಗೆ ನೋಟ್‌ಬುಕ್ಕಿನಲ್ಲಿ ಎರಡೇ ಸಂಖ್ಯೆ ಬರೆಯಲಿ: 20 ಫ್ರೀ ಥ್ರೋದಲ್ಲಿ ಎಷ್ಟು ಬಿದ್ದವು, ಹಿಡಿದ ಹುಳುಕಿನ ಲೆಕ್ಕ ಎಷ್ಟು. ಮೊದಲ ಎರಡು ವಾರ ಸಂಖ್ಯೆ ಇಳಿಯಬಹುದು, ಹೊಸ ಚಲನೆ ಕೂರುವಾಗ ಹಾಗೇ ಆಗುತ್ತದೆ. ಐದನೇ ವಾರದಲ್ಲೂ ಮೊದಲಿನ ಜಾಗಕ್ಕೆ ಬಾರದಿದ್ದರೆ ಶಾಟ್‌ಗಳ ಸಂಖ್ಯೆ ಹೆಚ್ಚಿಸಬೇಡಿ. ಮೊದಲ ವಾರದ ವಿಡಿಯೊವನ್ನೂ ಈಗಿನದನ್ನೂ ಅಕ್ಕಪಕ್ಕ ಇಟ್ಟು ಶಾಲೆಯ ಕೋಚ್‌ಗೆ ತೋರಿಸಿ, ಪಾದ, ಮೊಣಕಾಲು, ಮೊಣಕೈ ಈ ಮೂರನ್ನೇ ನೋಡಿ ಹೇಳಿ ಎಂದು ಕೇಳಿ. 8 ವಾರದ ಬಳಿಕ ಮತ್ತೆ 3 ಪಂದ್ಯದ ಹಾಳೆ ಬರೆಸಿ, ಮುಂದಿನ ಹುಳುಕನ್ನು ಅವನೇ ಆರಿಸಲಿ.